ಕಂಬ ಮುಟ್ಟುವ ನಡಿಗೆ

ಹಾಲು ಉಕ್ಕುವುದನ್ನು ಗಂಗಾಂಬಿಕೆ ಕಣ್ಣಾರೆ ನೋಡಿದಳು. ಒಲೆ ಅವಳಿಂದ ಒಂದು ಮಾರು ದೂರದಲ್ಲಿತ್ತು. ತಿರುಗಿ ಕೈ ಚಾಚಿದ್ದರೆ ಆರಿಸಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅವಳು ಪೇಪರು ತರಲೆಂದು ಮುಂಬಾಗಿಲ ಕಡೆಗೆ ಹೊರಟಾಗಿತ್ತು. ಹೊರಟವಳು ಹೊರಟೇಬಿಟ್ಟಳು. ಬಾಗಿಲ ತನಕ ಹೋಗಿ, ಚೌಕಟ್ಟನ್ನು ಅಂಗೈಯಿಂದ ಮುಟ್ಟಿ, ಅಲ್ಲಿಂದ ತಿರುಗಿ ಬಂದು ಒಲೆ ಆರಿಸುವ ಹೊತ್ತಿಗೆ ಪಾತ್ರೆಯಲ್ಲಿದ್ದ ಹಾಲಿಗಿಂತ ಕಟ್ಟೆಯ ಮೇಲಿದ್ದ ಹಾಲೇ ಜಾಸ್ತಿಯಾಗಿತ್ತು.

ಅವಳ ಗಂಡ ರುದ್ರೇಶ ಬಚ್ಚಲಿಂದ ಟವೆಲು ಸುತ್ತಿಕೊಂಡೇ ಓಡಿ ಬಂದ.

"ಸೀದ ವಾಸನೆ ಬೀದಿ ತನಕ ಹೋಗಿದೆ. ಉಕ್ಕಿದ್ದು ಕಾಣ್ಲಿಲ್ವೇನೇ?"

"ಕಾಣ್ತು."

"ಮತ್ತೆ?"

"ಹೊರಟುಬಿಟ್ಟಿದ್ನಲ್ರೀ."

ಇದ್ಯಾವ ಸೀಮೆಯ ಉತ್ತರ ಎಂದು ರುದ್ರೇಶನಿಗೆ ಅನ್ನಿಸಿತು. ಆದರೆ ಹೆಂಡತಿ ತನ್ನ ಕಾಲ ಮೇಲೆ ತಾನು ಬಾಗಿಲ ತನಕ ಹೋಗಿ ಬಂದಳಲ್ಲ ಎಂಬ ಸಂತೋಷದ ಮುಂದೆ ಒಂದು ಪಾತ್ರೆ ಹಾಲು ಯಾವ ಲೆಕ್ಕ? ಹಳೆಯ ಬಟ್ಟೆ ತಂದು ಕಟ್ಟೆ ಒರೆಸಿದ.

ಗಂಗಾಂಬಿಕೆಗೆ ಪಾರ್ಕಿನ್ಸನ್ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಕೈ ನಡುಗುವುದು ಅವಳಿಗೆ ದೊಡ್ಡ ತೊಂದರೆಯಾಗಿರಲಿಲ್ಲ. ನಡುಗುವ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರೆ ಮುಗಿಯಿತು. ಕಷ್ಟ ಇದ್ದದ್ದು ಕಾಲಿನಲ್ಲಿ. ನಡೆಯುತ್ತ ನಡೆಯುತ್ತ ಬಾಗಿಲ ಹತ್ತಿರ ಬಂದರೆ ಪಾದಗಳು ನೆಲಕ್ಕೆ ಅಂಟಿಕೊಂಡುಬಿಡುತ್ತಿದ್ದವು. ಹೋಗಬೇಕು ಎಂದು ಮನಸ್ಸು ಹೇಳುತ್ತದೆ, ಕಾಲಿಗೆ ಕೇಳಿಸುವುದಿಲ್ಲ. ಅದರ ಮೇಲೆ ಯೋಚನೆಯೂ ನಿಧಾನವಾಗಿತ್ತು. ಒಂದು ಕಾಲಕ್ಕೆ ಫೋನನ್ನು ಭುಜಕ್ಕೆ ಒತ್ತಿಕೊಂಡು ಮಾತಾಡುತ್ತ, ಒಗ್ಗರಣೆ ಹಾಕುತ್ತ, ಕಣ್ಣಲ್ಲೇ ಗಂಡನಿಗೆ ಟಿ.ವಿ. ಸಣ್ಣದು ಮಾಡಲು ಹೇಳುತ್ತಿದ್ದ ಹೆಂಗಸು ಅವಳು. ಈಗ ಒಂದು ಹೊತ್ತಿಗೆ ಒಂದೇ ಕೆಲಸ. ಮಾತಾಡಿದರೆ ಕಾಲು ನಿಲ್ಲುತ್ತಿತ್ತು, ಕಾಲು ನಡೆದರೆ ಮಾತು ನಿಲ್ಲುತ್ತಿತ್ತು.

ಆಮೇಲೆ ಒತ್ತಾಸೆ ಬಂತು.

ತುಮಕೂರಿನ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ, ಹಳೆಯ ಮಾವಿನ ತೋಪೊಂದರಲ್ಲಿ ನಡಿಗೆಯ ಸಂಶೋಧನಾ ಕೇಂದ್ರ ಶುರುವಾಗಿತ್ತು. ಅಲ್ಲಿನವರನ್ನು ಬಹುಕಾಲ ಕಾಡಿದ್ದು ಒಂದು ವಿಚಿತ್ರ. ನಾವು ಯಾರೂ ಯೋಚಿಸಿ ಯೋಚಿಸಿ ಹೆಜ್ಜೆ ಇಡುವುದಿಲ್ಲ. ಮಿದುಳಿನ ಆಳದಲ್ಲಿರುವ ಒಂದು ಭಾಗ ಆ ಕೆಲಸವನ್ನು ನಮಗೆ ಗೊತ್ತಿಲ್ಲದಂತೆ ನಡೆಸಿಕೊಂಡು ಹೋಗುತ್ತದೆ. ಈ ಕಾಯಿಲೆಯಲ್ಲಿ ಸೊರಗುವುದು ಅದೇ ಭಾಗ. ಆದರೆ ತಾನಾಗಿ ಒಂದು ಹೆಜ್ಜೆ ಇಡಲಾರದ ಮನುಷ್ಯ, ಎದುರಿಗೆ ಯಾರಾದರೂ ನಿಂತು ಕರೆದರೆ ಸರಾಗವಾಗಿ ನಡೆದು ಬರುತ್ತಾನೆ. ಹೊರಗಿನ ಕರೆಗೆ ಓಗೊಡುವ ದಾರಿ ಮಿದುಳಿನಲ್ಲಿ ಬೇರೆಯೇ ಇದೆ, ಅದು ಕೆಟ್ಟಿರುವುದಿಲ್ಲ. ಹಾಗಾದರೆ ಮನುಷ್ಯನ ಸ್ವಂತ ಇಚ್ಛೆಯನ್ನೇ ಹೊರಗಿನ ಕರೆಯಾಗಿ ಮಾಡಿ ಅವನಿಗೇ ವಾಪಸು ಕೊಟ್ಟರೆ? ಈ ಪ್ರಶ್ನೆಯಿಂದ ಹುಟ್ಟಿದ ಯಂತ್ರ ಒತ್ತಾಸೆ. ಕಿವಿಯ ಹಿಂದೆ ಅಂಟಿಸಿದ ಗುಂಡಿಯಂಥದೊಂದು, ನಡೆಯಬೇಕೆಂಬ ಇಚ್ಛೆ ಮಿದುಳಿನಲ್ಲಿ ಅಲೆಯಾಗಿ ಎದ್ದ ಕೂಡಲೇ ಅದನ್ನು ಹಿಡಿಯುತ್ತದೆ. ಬೆನ್ನಿಗೆ ಕಟ್ಟಿದ ಅಂಗೈಯಗಲದ ಪಟ್ಟಿ ಮೆಲ್ಲಗೆ ತಟ್ಟುತ್ತದೆ. ಅದೇ ಕ್ಷಣಕ್ಕೆ ಕಿವಿಯಲ್ಲಿ ಒಂದು ಪದ ಕೇಳುತ್ತದೆ. ಪಕ್ಕದಲ್ಲಿದ್ದವರಿಗೆ ಏನೂ ಕೇಳುವುದಿಲ್ಲ.

ಆ ಪದ ಯಾವುದಿರಬೇಕು ಎಂಬುದನ್ನು ಕಟ್ಟಿಕೊಳ್ಳುವವರಿಗೇ ಬಿಟ್ಟಿದ್ದರು. ನಿವೃತ್ತ ಬಸ್ ಕಂಡಕ್ಟರೊಬ್ಬರು "ರೈಟ್" ಎಂದು ಹಾಕಿಸಿಕೊಂಡಿದ್ದರು. ಇನ್ನೊಬ್ಬರು ಹೆಂಡತಿಯ ದನಿಯಲ್ಲಿ "ಏಳ್ರೀ" ಎಂದು ಹಾಕಿಸಿಕೊಂಡು, ವಾರ ಕಳೆಯುವುದರೊಳಗೆ ಬಂದು ಬದಲಾಯಿಸಿಕೊಂಡು ಹೋದರು. ಕೇಂದ್ರದ ಎಂಜಿನಿಯರು ತನುಜಾ ಗಂಗಾಂಬಿಕೆಯನ್ನು ಕೇಳಿದಾಗ ಅವಳು ಹಿಂದೆ ಮುಂದೆ ನೋಡಲಿಲ್ಲ.

"ಖೋ."

"ಖೋ ಖೋ ಆಟದ ಖೋ ನಾ ಆಂಟಿ?"

"ಅದೇ ಕಣಮ್ಮ. ಇನ್ಯಾವ್ದಿದೆ?"

ಹುಡುಗಿಯಾಗಿದ್ದಾಗ ಗಂಗಾಂಬಿಕೆ ರಾಜ್ಯ ತಂಡದ ನಾಯಕಿ. ವಿದ್ಯುತ್ ಇಲಾಖೆಯಲ್ಲಿ ಕೆಲಸ ಸಿಕ್ಕಿದ್ದೂ ಆಟದ ಕೋಟಾದಲ್ಲೇ. ಸಾಲಾಗಿ ಕುಳಿತ ಆಟಗಾರ್ತಿಯರಲ್ಲಿ ಒಬ್ಬಳಾಗಿ, ಮೈಯೆಲ್ಲ ಕಿವಿಯಾಗಿ ಅವಳು ಕಾದಿದ್ದಕ್ಕೆ ಲೆಕ್ಕವಿಲ್ಲ. ಹಿಂದಿನಿಂದ ಬಂದವಳು ಬೆನ್ನು ತಟ್ಟಿ ಖೋ ಎನ್ನುವ ತನಕ ಏಳುವಂತಿಲ್ಲ. ಅಂದ ಮೇಲೆ ಕೂತಿರುವಂತಿಲ್ಲ. ಒತ್ತಾಸೆ ಮೊದಲ ಸಲ ಬೆನ್ನು ತಟ್ಟಿ ಖೋ ಅಂದಾಗ ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ರುದ್ರೇಶ ಕಣ್ಣೊರೆಸಿಕೊಂಡ. ತನುಜಾ ಚಪ್ಪಾಳೆ ತಟ್ಟಿದಳು.

ಅಂದಿನಿಂದ ಗಂಗಾಂಬಿಕೆಯ ದಿನಗಳು ಹೂವೆತ್ತಿದಷ್ಟು ಹಗುರಾದವು. ಮುಖ್ಯವಾಗಿ, ಸಂಜೆಯಾದರೆ ಅವಳು ಗೇಟು ದಾಟಿ ಹಿಂದಿನ ಬೀದಿಯಲ್ಲಿದ್ದ ಮೆಹರುನ್ನೀಸಾಳ ಮನೆಗೆ ಒಬ್ಬಳೇ ಹೋಗುವಂತಾಯಿತು. ಮೆಹರ್ ಅದೇ ತಂಡದ ಹಳೆಯ ಆಟಗಾರ್ತಿ, ಈಚೆಗೆ ಹೈಸ್ಕೂಲಿನ ಹೆಡ್‌ಮಿಸ್ಸಾಗಿ ನಿವೃತ್ತಳಾದವಳು. ಕಾಲು ಹಿಡಿದ ವರ್ಷಗಳಲ್ಲಿ ಮೆಹರಳೇ ದಿನಾ ಬರುತ್ತಿದ್ದಳು, ಅದಕ್ಕೇನೂ ಬೇಸರಪಟ್ಟವಳಲ್ಲ. ಆದರೆ ಗೆಳತಿ ತನ್ನನ್ನು ನೋಡಲು ಬರುವುದು ಬೇರೆ, ತಾನು ಗೆಳತಿಯ ಮನೆಗೆ ಹೋಗಿ "ಇದ್ದೀಯೇನೇ?" ಎಂದು ಬಾಗಿಲಲ್ಲಿ ನಿಂತು ಕೂಗುವುದು ಬೇರೆ. ಈ ಎರಡನೆಯದು ಗಂಗಾಂಬಿಕೆಗೆ ಜೀವಕ್ಕೆ ಸಮನಾಗಿತ್ತು.

ಹಾಲು ಉಕ್ಕಿದ ಮೇಲೆ ಇನ್ನೂ ಕೆಲವು ಘಟನೆಗಳಾದವು. ಕುಕ್ಕರು ಕೂಗುತ್ತಿದ್ದರೂ ಅವಳು ದೇವರ ಕೋಣೆಯ ಗೋಡೆ ಮುಟ್ಟಿಯೇ ಬಂದಳು. ಫೋನು ಬಡಿದುಕೊಳ್ಳುತ್ತಿದ್ದರೂ ಹಿತ್ತಲ ಬಾಗಿಲು ಮುಟ್ಟಿಯೇ ಬಂದಳು. ಕೊನೆಗೊಂದು ದಿನ ಗೇಟಿನ ಕಡೆ ಹೊರಟಾಗ ಪಕ್ಕದ ಮನೆಯ ಟೀಚರಮ್ಮ ಸ್ಕೂಟರನ್ನು ಹಿಂದಕ್ಕೆ ತಳ್ಳಿಕೊಂಡು ಬರುತ್ತಿದ್ದರು. ಗಂಗಾಂಬಿಕೆ ಅದನ್ನು ನೋಡಿದಳು. ಪಕ್ಕಕ್ಕೆ ಸರಿಯಬಹುದಿತ್ತು, ತಿರುಗಬಹುದಿತ್ತು, ಎರಡನ್ನೂ ಮಾಡಲಿಲ್ಲ. ಸ್ಕೂಟರು ಮೊಣಕಾಲಿಗೆ ತಾಗಿ ದಾಸವಾಳದ ಗಿಡದ ಮೇಲೆ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಟೀಚರಮ್ಮ ಮಾತ್ರ ಅವಳಿಗಿಂತ ಜಾಸ್ತಿ ಅತ್ತರು.

ಬಿದ್ದ ಸುದ್ದಿ ಬೆನ್ನಿನ ಪಟ್ಟಿಯಿಂದಲೇ ಕೇಂದ್ರಕ್ಕೆ ಹೋಗಿತ್ತು. ಆ ದಿನ ಅಲ್ಲಿನ ನಿಯಂತ್ರಣ ಕೋಣೆಯಲ್ಲಿ ನಡೆದದ್ದನ್ನು ತನುಜಾ ಆಮೇಲೆ ಗಂಗಾಂಬಿಕೆಗೆ ಒಂದೂ ಬಿಡದೆ ಹೇಳಿದ್ದಾಳೆ. ಗೋಡೆಯಗಲದ ಪರದೆಯ ಮೇಲೆ ಒತ್ತಾಸೆ ಕಟ್ಟಿಕೊಂಡ ಎಲ್ಲರ ನಡಿಗೆಯೂ ಬಣ್ಣದ ಗೆರೆಗಳಾಗಿ ಹರಿಯುತ್ತಿತ್ತಂತೆ. ಬೇರೆಯವರ ಗೆರೆಗಳು ಕೋಳಿ ಕೆದರಿದ ಹಾಗೆ ಅಲ್ಲಿ ಇಲ್ಲಿ ತಿರುಗಿಕೊಂಡಿದ್ದರೆ, ಗಂಗಾಂಬಿಕೆಯದು ಮಾತ್ರ ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗೆ. ಹೊರಟಲ್ಲಿಂದ ಗೋಡೆಗೆ, ಗೋಡೆಯಿಂದ ವಾಪಸು. ನಡುವೆ ತಿರುಗಿದ್ದು ಒಂದೇ ಒಂದು ಸಲವೂ ಇಲ್ಲ.

ಕೇಂದ್ರದ ಮುಖ್ಯಸ್ಥ ಡಾ. ಅರವಿಂದ ಹುದ್ದಾರರು ಆ ಗೆರೆಗಳ ಮುಂದೆ ಬಹಳ ಹೊತ್ತು ಕೂತಿದ್ದರಂತೆ. ಮಾರನೆಯ ದಿನ ಗಂಡ ಹೆಂಡತಿಯನ್ನು ಕರೆಸಿಕೊಂಡರು. ಧಾರವಾಡದ ಕಡೆಯವರು, ಮೆತ್ತಗಿನ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ತಾವೇ ತಪ್ಪು ಮಾಡಿದವರಂತೆ ಕನ್ನಡಕ ಒರೆಸುತ್ತಾರೆ.

"ಸಿಟ್ಟಾಗಬ್ಯಾಡ್ರಿ ಅಮ್ಮಾರ. ಕಾಲು ಚಲೋ ನಡೀಲಿಕತ್ತಾವ. ಆದ್ರ ಹೊಂಟ ಮ್ಯಾಲೆ ನಿಮ್ಮ ಮನಸು ಹಾದಿ ಬದಲಿ ಮಾಡವಲ್ದು. ಒಂದು ವಿಚಾರ ಹಿಡಕೊಂಡ್ರ ಅದನ್ನ ಬಿಟ್ಟು ಇನ್ನೊಂದಕ್ಕ ಹೊಳ್ಳಾಕ ಆಗದ್ದು, ಈ ಬ್ಯಾನಿಯೊಳಗ ಅದೂ ಒಂದು ಲಕ್ಷಣ. ನಿನ್ನೆ ಸ್ಕೂಟರ್ ಇತ್ತು. ನಾಳೆ ಲಾರಿ ಇದ್ರ ಏನ್ ಮಾಡೂದು?"

"ಹಂಗಂದ್ರೆ?" ಎಂದ ರುದ್ರೇಶ.

"ಸೋಮವಾರ ಇನ್ನೊಮ್ಮೆ ಪರೀಕ್ಷಾ ಮಾಡ್ತೀನ್ರಿ. ಅವತ್ತೂ ನಡುವ ಹೊಳ್ಳಲಿಲ್ಲ ಅಂದ್ರ ಪಟ್ಟಿ ಬಿಚ್ಚಬೇಕಾಗ್ತದ. ನಿಮ್ಮನ್ನ ನಡಿಸಾಕ ಹೋಗಿ ಬೀಳಿಸಿದ್ರ ನನಗ ಊಟ ಸೇರಂಗಿಲ್ಲ."

ಗಂಗಾಂಬಿಕೆ ಮನೆಗೆ ಬಂದು ಸೋಫಾದ ಮೂಲೆಯಲ್ಲಿ ಕೂತಳು. ಪಟ್ಟಿ ಹೋಗುತ್ತದೆ ಎಂಬ ದುಃಖ ಒಂದು ಪಾಲಾದರೆ, ಬುದ್ಧಿಯೇ ಹೋಗುತ್ತಿದೆಯೇ ಎಂಬ ಹೆದರಿಕೆ ಹತ್ತು ಪಾಲು. ಕಾಲು ಕೈಕೊಟ್ಟರೆ ಊರಿಗೆ ಹೇಳಿಕೊಂಡು ತಿರುಗಬಹುದು. ತಲೆ ಕೈಕೊಟ್ಟರೆ ಹೇಳಿಕೊಳ್ಳುವವಳು ಯಾರು? ತಂಡದಲ್ಲಿದ್ದ ಎಲ್ಲರ ಹೆಸರನ್ನೂ ಮನಸ್ಸಿನಲ್ಲೇ ಹೇಳಿನೋಡಿಕೊಂಡಳು. ನಿಧಾನವಾಗಿಯಾದರೂ ಎಲ್ಲ ಹೆಸರೂ ಬಂದವು. ಬದಲಿ ಆಟಗಾರ್ತಿಯರದೂ ಬಂದವು. ಆದರೂ ಧೈರ್ಯ ಬರಲಿಲ್ಲ. ಹೇಗಿದ್ದರೂ ಬಿಚ್ಚುವುದೇ ತಾನೆ, ಈಗಲೇ ಅಭ್ಯಾಸವಾಗಲಿ ಎಂದು ಪಟ್ಟಿಯನ್ನು ತೆಗೆದು ಬೀರುವಿನಲ್ಲಿಟ್ಟಳು. ಅಡುಗೆಮನೆಯ ಹೊಸ್ತಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ರುದ್ರೇಶ ಬಂದು ಕೈಹಿಡಿದು ದಾಟಿಸಬೇಕಾಯಿತು.

ಎರಡು ಸಂಜೆ ಗೆಳತಿ ಬರಲಿಲ್ಲವೆಂದು ಮೆಹರ್ ತಾನೇ ಬಂದಳು. ವಿಷಯವೆಲ್ಲ ಕೇಳಿ ಅವಳ ಹುಬ್ಬು ಗಂಟಾಯಿತು.

"ನಿನಗೆ ಬುದ್ಧಿ ಮಂಕಾಗಿದ್ಯಾ? ಮೊನ್ನೆ ತಾನೆ ನನ್ನ ಬಿರಿಯಾನಿಗೆ ಉಪ್ಪು ಕಮ್ಮಿ ಅಂತ ಬಾಗಿಲಲ್ಲೇ ಕಂಡುಹಿಡಿದ್ಯಲ್ಲೇ! ಹೋಗು, ಆ ಪಟ್ಟಿ ಹಾಕ್ಕೊಂಡು ಬಾ. ನನ್ನೆದುರಿಗೆ ನಡಿ. ಅದೇನು ಮಾಡ್ತೀಯೋ ನಾನೂ ನೋಡ್ತೀನಿ."

ರುದ್ರೇಶ ಪಟ್ಟಿ ಕಟ್ಟಿಕೊಟ್ಟ. ಗಂಗಾಂಬಿಕೆ ವರಾಂಡದಿಂದ ಗೇಟಿನ ಕಡೆ ಹೊರಟಳು. ಅವಳು ಅರ್ಧ ದಾರಿಯಲ್ಲಿದ್ದಾಗ ಮೆಹರ್ ಕೂಗಿದಳು: "ಗಂಗಾ, ವಾಪಸು ಬಾರೇ!" ಗಂಗಾಂಬಿಕೆ ಕೇಳಿಸಿಕೊಂಡಳು, ತಲೆ ಆಡಿಸಿದಳು, ಗೇಟಿನ ಪಕ್ಕ ಮಲ್ಲಿಗೆ ಹಬ್ಬಿಸಿದ್ದ ಕಂಬದ ತನಕ ಹೋದಳು, ಅದನ್ನು ಅಂಗೈಯಿಂದ ಮುಟ್ಟಿದಳು, ತಿರುಗಿದಳು.

ಮೆಹರ್ ಮೊದಲು ಬಾಯಿ ತೆರೆದಳು. ಆಮೇಲೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ವರಾಂಡದ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ರುದ್ರೇಶ ಗಾಬರಿಯಾಗಿ ನೀರು ತಂದ.

"ಅಯ್ಯೋ ಕ್ಯಾಪ್ಟನ್ನೇ! ಕಂಬ ಮುಟ್ತಾ ಇದ್ದೀಯಲ್ಲೇ!"

"ಯಾವ ಕಂಬ?"

"ಯಾವ ಕಂಬ ಅಂತಾಳೆ! ಖೋ ತಗೊಂಡ್ಮೇಲೆ ನಡುವೆ ತಿರುಗೋ ಹಂಗಿಲ್ಲ. ಹಿಡಿದ ದಿಕ್ಕಿನ ಕಂಬ ಮುಟ್ಟೇ ತಿರುಗ್ಬೇಕು. ಮರೆತು ಅಡ್ಡ ತಿರುಗಿದ್ಳು ಅಂತ ಆ ಶಿರಾ ಹುಡುಗಿನ ನೀನು ಅಳಿಸಿರ್ಲಿಲ್ವಾ? ಆ ಯಂತ್ರ ದಿನಾ ನಿನ್ನ ಬೆನ್ನು ತಟ್ಟಿ ಖೋ ಕೊಡ್ತಾ ಇದೆ. ನೀನು ಆಟ ಆಡ್ತಾ ಇದ್ದೀಯ!"

ಗಂಗಾಂಬಿಕೆ ತನ್ನ ಅಂಗೈಯನ್ನೇ ನೋಡಿಕೊಂಡಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೊರಟಾಗ ತಿರುಗಬಾರದು ಎನ್ನಿಸುತ್ತಿತ್ತು, ಯಾಕೆ ಎಂದು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ. ಹತ್ತು ವರ್ಷದ ಹುಡುಗಿಯ ಮೈಯೊಳಗೆ ಮೇಷ್ಟ್ರು ಬೆತ್ತ ಹಿಡಿದು ಬರೆದ ನಿಯಮ, ತಲೆಗೆ ಹೇಳದೆ ಕಾಲಿನಲ್ಲೇ ಕೂತಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವಳೂ ನಕ್ಕಳು. ನಗುತ್ತ ನಗುತ್ತ ಸ್ವಲ್ಪ ಅತ್ತಳು ಕೂಡ.

ಸೋಮವಾರ ಮೂವರೂ ಕೇಂದ್ರಕ್ಕೆ ಹೋದರು. ಮೆಹರ್ ಹೆಡ್‌ಮಿಸ್ಸಿನ ದನಿಯಲ್ಲಿ ಎಲ್ಲವನ್ನೂ ವಿವರಿಸಿದಳು. ತನುಜಾ ಹಣೆ ಚಚ್ಚಿಕೊಂಡಳು. ಆ ಪದವನ್ನು ಹಾಕಿದವಳೇ ಅವಳು. ಡಾಕ್ಟರು ಮಾತ್ರ ಕನ್ನಡಕ ಒರೆಸಿದರು.

"ನಂಬ್ತೀನ್ರಿ. ಭಾಳ ಚಲೋ ಹುಡುಕೀರಿ. ಆದ್ರ ಕಾರಣ ಖೋ ಇರಲಿ, ಬ್ಯಾನಿ ಇರಲಿ, ಲಾರಿ ಕಾರಣ ಕೇಳಂಗಿಲ್ರಿ. ಇವರು ನಡುವ ಹೊಳ್ಳಬೇಕು. ಅದು ಆಗಬೇಕು."

ಆ ಮಾತು ಸರಿಯಾಗಿತ್ತು.

"ಪದ ಬದಲಾಯಿಸಿದ್ರೆ?" ಎಂದಳು ತನುಜಾ. ಬದಲಾಯಿಸಿ ನೋಡಿದರು. 'ಬಾ' ಎಂದರೆ ಗಂಗಾಂಬಿಕೆಯ ಕಾಲು ಅಲ್ಲಾಡಲಿಲ್ಲ. 'ನಡಿ' ಎಂದರೆ ಅರ್ಧ ಹೆಜ್ಜೆ ಇಟ್ಟು ನಿಂತಿತು. ಯಾರು ಏನೆಂದು ಕರೆದರೂ ಆ ಕಾಲಿಗೆ ಬೇಕಾಗಿದ್ದದ್ದು ಒಂದೇ ಕರೆ.

ಆಗ ಮೆಹರ್ ನಿಧಾನವಾಗಿ ಹೇಳಿದಳು: "ಖೋ ತಗೊಂಡ್ಮೇಲೆ ತಿರುಗ್ಬಾರ್ದು ಅನ್ನೋದು ಹಿಡಿಯೋರಿಗೆ ಮಾತ್ರ. ತಪ್ಪಿಸ್ಕೊಳ್ಳೋರಿಗೆ ಯಾವ ಕಟ್ಟುಪಾಡೂ ಇಲ್ಲ. ಎಲ್ಲಿ ಬೇಕಾದ್ರೂ ತಿರುಗ್ಬಹುದು, ಎಲ್ಲಿ ಬೇಕಾದ್ರೂ ನುಗ್ಗಬಹುದು. ಅವರಿಗೂ ಖೋ ಕೇಳ್ಸುತ್ತೆ. ಬೆನ್ನಿಗೆ ಏಟು ಮಾತ್ರ ಬೀಳಲ್ಲ. ಹಿಂದೆ ಎಲ್ಲೋ ದೂರದಲ್ಲಿ ಖೋ ಅಂತ ಕೇಳ್ತು ಅಂದ್ರೆ, ಇನ್ನೊಬ್ಬಳು ಎದ್ಲು, ನನ್ನ ಹಿಂದೆ ಬರ್ತಾಳೆ, ಓಡು ಅಂತ."

ತನುಜಾಳ ಕಣ್ಣು ಹೊಳೆಯಿತು. "ತಟ್ಟೋದನ್ನ ನಿಲ್ಲಿಸ್ಬಹುದು. ಶಬ್ದ ಹಿಂದಿನಿಂದ, ಹತ್ತು ಅಡಿ ದೂರದಿಂದ ಬಂದ ಹಾಗೆ ಮಾಡ್ಬಹುದು. ಒಂದು ನಿಮಿಷದ ಕೆಲಸ!"

ಗಂಗಾಂಬಿಕೆಯ ಮುಖ ಮಾತ್ರ ಹುಳ್ಳಗಾಯಿತು. "ನಾನು ಹಿಡಿಯೋಳು ಕಣೇ. ತಪ್ಪಿಸ್ಕೊಂಡು ಓಡೋದು ನಿನ್ನ ಕೆಲಸ."

"ಗೊತ್ತಮ್ಮ ನಿನ್ನ ಓಟ. ಒಳಗೆ ಕಾಲಿಟ್ಟು ಉಸಿರು ತಗೊಳ್ಳೋದ್ರೊಳಗೆ ಔಟಾಗಿ ಆಚೆ ಬಂದು ನಿಂಬೆಹಣ್ಣು ಚೀಪ್ತಾ ಇದ್ದೆ. ಈಗ ಕಲಿ. ಈ ಕಾಯಿಲೆ ಹೇಗೂ ನಿನ್ನ ಹಿಂದೆ ಬಿದ್ದಿದೆ, ಹಿಡಿಯೋದು ಬೇಡ, ತಪ್ಪಿಸ್ಕೊಂಡ್ರೆ ಸಾಕು."

ಕಾರಿಡಾರಿನಲ್ಲಿ ಪ್ರಯತ್ನ ಮಾಡಿದರು. ದೂರದಿಂದ ಖೋ ಕೇಳಿತು. ಗಂಗಾಂಬಿಕೆ ಕಂಬದಂತೆ ನಿಂತಿದ್ದಳು. ಬೆನ್ನು ತಟ್ಟಲಿಲ್ಲವಲ್ಲ, ಇದು ತನಗಲ್ಲ ಎಂದು ಅವಳ ಕಾಲು ತೀರ್ಮಾನಿಸಿತ್ತು. ಮನಸ್ಸು ಹಿಡಿಯುವ ಕಡೆಯಿಂದ ತಪ್ಪಿಸಿಕೊಳ್ಳುವ ಕಡೆಗೆ ದಾಟುತ್ತಲೇ ಇರಲಿಲ್ಲ. ಡಾಕ್ಟರು ಕನ್ನಡಕ ಕೈಗೆ ತೆಗೆದುಕೊಂಡರು. ಅದನ್ನು ಕಂಡು ರುದ್ರೇಶ ತಲೆ ತಗ್ಗಿಸಿದ.

"ಇಲ್ಲೆಲ್ಲಿ ಆಗುತ್ತೆ!" ಎಂದಳು ಮೆಹರ್. "ಸೀಟಿ ಊದದೆ ಸರದಿ ಬದಲಾಗುತ್ತಾ? ಗೆರೆ ಇಲ್ಲ, ಕಂಬ ಇಲ್ಲ, ಸಾಲಲ್ಲಿ ಕೂತೋರು ಇಲ್ಲ. ಯಾರಿಂದ ತಪ್ಪಿಸ್ಕೊಳ್ಬೇಕು ಅವಳು? ಆಚೆ ನಡೀರಿ ಎಲ್ರೂ."

ಕೇಂದ್ರದ ಹಿಂದೆ ಸಿಬ್ಬಂದಿ ವಾಲಿಬಾಲ್ ಆಡುವ ಜಾಗವಿತ್ತು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ನೆಲದಲ್ಲಿ ಕೂತು ಏಳುವುದು ಅರ್ಧ ಜನಕ್ಕೆ ಆಗದ ಮಾತಾದ್ದರಿಂದ ಕ್ಯಾಂಟೀನಿನ ಪ್ಲಾಸ್ಟಿಕ್ ಸ್ಟೂಲುಗಳನ್ನು ತಂದು, ಒಂದು ಆ ಕಡೆಗೆ ಒಂದು ಈ ಕಡೆಗೆ ಮುಖವಾಗಿ ಸಾಲಾಗಿ ಇಟ್ಟರು. ನರ್ಸುಗಳು ಬಂದರು, ಕ್ಯಾಂಟೀನಿನವರು ಬಂದರು, ರಕ್ತಪರೀಕ್ಷೆಯ ಹುಡುಗಿ ಗ್ಲೌಸು ಬಿಚ್ಚುತ್ತ ಬಂದಳು. ಒಂದು ತುದಿಗೆ ನೆಟ್ಟಿನ ಕಂಬವಿತ್ತು. ಇನ್ನೊಂದು ತುದಿಗೆ ಏನೂ ಇರಲಿಲ್ಲ. ರುದ್ರೇಶನನ್ನೇ ಕಂಬವಾಗಿ ನಿಲ್ಲಿಸಿದರು. ಕೊನೆಯ ಸ್ಟೂಲು ಖಾಲಿ ಉಳಿದಿತ್ತು.

"ಡಾಕ್ಟ್ರೇ, ಕೂತ್ಕೊಳ್ಳಿ," ಎಂದಳು ಮೆಹರ್.

"ನಾ ಕ್ರಿಕೆಟ್ ಆಡಿದಾಂವ್ರಿ. ಖೋ ಖೋ ಅಂದ್ರ ಹುಡುಗ್ಯಾರ ಆಟ ಅಂತ..." ಮೆಹರಳ ಮುಖ ನೋಡಿ ಅವರು ಅಲ್ಲಿಗೇ ನಿಲ್ಲಿಸಿ ಹೋಗಿ ಕೂತರು. ಕೂತಲ್ಲಿಂದಲೇ ಒಂದು ನಿಯಮ ಹೇಳಿದರು: ಯಾರೂ ಓಡುವಂತಿಲ್ಲ, ಎಲ್ಲರೂ ನಡೆಯಬೇಕು. ಇಬ್ಬರು ನರ್ಸುಗಳು ಗಂಗಾಂಬಿಕೆಯ ಹಿಂದೆ ಮುಂದೆ ಕಾವಲಿಗೆ ನಿಂತರು.

ಮೊದಲ ಸರದಿಯಲ್ಲಿ ಗಂಗಾಂಬಿಕೆ ಹಿಡಿಯುವ ಕಡೆ. ಸ್ಟೂಲಿನ ಮೇಲೆ ಕೂತಳು, ಹಿಂದಿನಿಂದ ಬೆನ್ನು ತಟ್ಟಿ ಖೋ ಬಂತು, ಎದ್ದು ನೆಟ್ಟಗೆ ಹೋಗಿ ಕಂಬ ಮುಟ್ಟಿ ಬಂದಳು. ಎರಡು ಸಲ, ಮೂರು ಸಲ. ಡಾಕ್ಟರು ಅವಳ ಪಾದವನ್ನೇ ನೋಡುತ್ತಿದ್ದರು. ಆಮೇಲೆ ಮೆಹರ್ ವಾಲಿಬಾಲ್ ಆಡುವವರ ಸೀಟಿಯನ್ನು ಬಾಯಿಗಿಟ್ಟು, ಉಸಿರಿರುವಷ್ಟು ಹೊತ್ತು ಉದ್ದಕ್ಕೆ ಊದಿದಳು. ಸರದಿ ಮುಗಿಯಿತು. ಈಗ ಗಂಗಾಂಬಿಕೆ ತಪ್ಪಿಸಿಕೊಳ್ಳಬೇಕು, ಕೂತವರು ಹಿಡಿಯಬೇಕು.

ಆ ಸೀಟಿ ಗಂಗಾಂಬಿಕೆಯ ಒಳಗೆ ಎಲ್ಲಿಗೆ ಹೋಗಿ ಮುಟ್ಟಿತೋ, ಅವಳು ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂಕಣದ ನಡುವೆ ಬಂದು ನಿಂತಳು. ತನುಜಾ ತನ್ನ ಕೈಯಲ್ಲಿದ್ದ ಪರದೆಯ ಮೇಲೆ ಬೆರಳಾಡಿಸಿ ತಟ್ಟುವುದನ್ನು ನಿಲ್ಲಿಸಿದಳು, ದನಿಯನ್ನು ದೂರಕ್ಕೆ ಕಳಿಸಿದಳು.

ಸಾಲಿನಲ್ಲಿ ಕೂತಿದ್ದ ಒಬ್ಬ ನರ್ಸು ಎದ್ದು ಬಂದಳು. ಗಂಗಾಂಬಿಕೆಯ ಪಾದಗಳು ನೆಲಕ್ಕೆ ಅಂಟಿದವು. ಹೋಗಬೇಕು ಎಂದುಕೊಂಡಳು. ಹಿಂದೆ ಎಲ್ಲಿಂದಲೋ ಖೋ ಎಂದು ಕೇಳಿತು. ಯಾರೋ ಎದ್ದರು, ಬಂದರು, ಸಿಕ್ಕಿಬಿದ್ದೆ ಎನ್ನಿಸಿತು. ಎಡಗಾಲು ಎದ್ದಿತು. ಬಲಗಾಲು ಅದರ ಹಿಂದೆ ಬಂತು. ಎರಡು ಸ್ಟೂಲುಗಳ ನಡುವಿನ ಇಕ್ಕಟ್ಟಾದ ಸಂದು ಎದುರಿಗಿತ್ತು. ಅಂಥ ಸಂದುಗಳಲ್ಲಿ ಅವಳು ಎಷ್ಟೋ ಸಲ ಸಿಕ್ಕಿಹಾಕಿಕೊಂಡು ನಿಂತವಳು. ಈ ಸಲ ಯೋಚಿಸಲು ಪುರುಸೊತ್ತಿರಲಿಲ್ಲ, ಆಚೆ ಬಂದುಬಿಟ್ಟಿದ್ದಳು. ಮೈಯೆಲ್ಲ ಬೆವರು, ಮನಸ್ಸಿನಲ್ಲಿ ಎಷ್ಟೋ ವರ್ಷಗಳಿಂದ ಮರೆತಿದ್ದ ಒಂದು ತುಂಟತನ. ತಪ್ಪಿಸಿಕೊಳ್ಳುವುದರಲ್ಲೂ ಇಷ್ಟು ಸುಖವಿದೆಯೆಂದು ಮೆಹರ್ ಯಾಕೆ ಯಾವತ್ತೂ ಹೇಳಿರಲಿಲ್ಲ ಎಂದು ಅವಳಿಗೆ ಕೋಪವೂ ಬಂತು.

ನರ್ಸು ಹೋಗಿ ಡಾಕ್ಟರ ಬೆನ್ನು ತಟ್ಟಿ ಖೋ ಅಂದಳು. ಡಾಕ್ಟರು ಮಂಡಿ ಹಿಡಿದುಕೊಂಡು ಎದ್ದರು. ರುದ್ರೇಶ ನಿಂತಿದ್ದ ತುದಿಯ ಕಡೆಗೆ ಗಂಗಾಂಬಿಕೆಯ ಬೆನ್ನು ಹತ್ತಿದರು. ಆಟದ ಅಮಲು ಅವರಿಗೂ ಸ್ವಲ್ಪ ಏರಿತ್ತು. ಪರೀಕ್ಷೆ ಎಂಬುದನ್ನು ಮರೆತು ನಿಜವಾಗಿಯೇ ಕೈ ಮುಂದೆ ಚಾಚಿದ್ದರು. ಇನ್ನೇನು ಸೆರಗಿಗೆ ಬೆರಳು ತಾಗಬೇಕು, ಅಷ್ಟರಲ್ಲಿ ಗಂಗಾಂಬಿಕೆ ಅರ್ಧ ದಾರಿಯಲ್ಲೇ ಗಕ್ಕನೆ ತಿರುಗಿ, ಸ್ಟೂಲುಗಳ ನಡುವೆ ನುಸುಳಿ, ಬಂದ ದಿಕ್ಕಿಗೇ ನಡೆದಳು. ಡಾಕ್ಟರು ಏಮಾರಿದರು. ಅವರೂ ಅಲ್ಲಿಂದಲೇ ತಿರುಗಿ ಹಿಂದೆ ಬರತೊಡಗಿದರು. ಸೀಟಿ ಊದಬೇಕಾಗಿದ್ದ ಮೆಹರ್ ನಗುತ್ತಿದ್ದಳು, ಅವಳಿಗದು ಕಾಣಲೇ ಇಲ್ಲ.

"ಫೌಲ್!"

ಕೂಗಿದವಳು ಗಂಗಾಂಬಿಕೆ. ಈ ಕಾಯಿಲೆ ಅವಳ ದನಿಯನ್ನೂ ತಗ್ಗಿಸಿತ್ತು. ಎದುರು ಕೂತವರು ಬಗ್ಗಿ ಕೇಳಬೇಕಾಗುತ್ತಿತ್ತು. ಈಗ ಮಾವಿನ ಮರದ ಮೇಲಿದ್ದ ಹಕ್ಕಿಗಳು ಹಾರಿಹೋದವು. ಕೂಗುವುದಕ್ಕೆ ಅವಳು ನಿಂತಿರಲೂ ಇಲ್ಲ. ನಡೆಯುತ್ತಲೇ, ಹಿಂತಿರುಗಿ ನೋಡುತ್ತಲೇ, ಬೆರಳು ತೋರಿಸುತ್ತಲೇ ಹೇಳಿದಳು: "ಖೋ ತಗೊಂಡ್ಮೇಲೆ ನಡುವೆ ತಿರುಗೋ ಹಂಗಿಲ್ಲ ಡಾಕ್ಟ್ರೇ. ಕಂಬ ಮುಟ್ಟಿ ತಿರುಗ್ಬೇಕು!"

ಡಾಕ್ಟರು ಇದ್ದಲ್ಲೇ ನಿಂತರು. ಸ್ಟೂಲುಗಳ ಮೇಲೆ ಕೂತವರೂ ನಗು ನಿಲ್ಲಿಸಿದರು. ಮಾತಾಡಿದರೆ ಕಾಲು ನಿಲ್ಲುತ್ತಿದ್ದ ಹೆಂಗಸು ನಡೆಯುತ್ತಿದ್ದಳು, ಮಾತಾಡುತ್ತಿದ್ದಳು, ದಾರಿ ಬದಲಾಯಿಸಿದ್ದಳು, ಅದರ ಜೊತೆಗೆ ಬೆನ್ನ ಹಿಂದಿದ್ದವರ ಕಾಲಿನ ತಪ್ಪನ್ನೂ ಹಿಡಿದಿದ್ದಳು. ತನುಜಾ ಪರದೆಯ ಮೇಲಿನ ಗೆರೆಯನ್ನು ನೋಡಿದಳು. ಅದು ಅಳತೆಪಟ್ಟಿಯನ್ನು ಎಸೆದು ಬೇಕಾದ ಕಡೆಗೆ ಬಾಗಿಕೊಂಡು ಹೋಗುತ್ತಿತ್ತು.

ಡಾ. ಹುದ್ದಾರರು ಕನ್ನಡಕ ತೆಗೆದರು. ಆದರೆ ಈ ಸಲ ಗಾಜು ಒರೆಸಲಿಲ್ಲ, ಕಣ್ಣು ಒರೆಸಿಕೊಂಡರು.

"ತನುಜಾ, ಆ ಪಟ್ಟಿ ಇವರ ಬೆನ್ನ ಮ್ಯಾಲೇ ಇರ್ಲಿ," ಎಂದರು. ಆಮೇಲೆ ಮೇಷ್ಟ್ರ ಮಾತು ಕೇಳುವ ಹುಡುಗನಂತೆ ರುದ್ರೇಶನ ತನಕ ನೆಟ್ಟಗೆ ನಡೆದುಹೋಗಿ, ಅವನ ಭುಜವನ್ನು ಅಂಗೈಯಿಂದ ಮುಟ್ಟಿದರು.

"ಈಗ ಹೊಳ್ಳಬಹುದೇನ್ರಿ ಅಮ್ಮಾರ?"

"ಈಗ ತಿರುಗಿ," ಎಂದಳು ಗಂಗಾಂಬಿಕೆ. ಅಷ್ಟರಲ್ಲಿ ಅವಳು ಆಚೆ ತುದಿ ಸೇರಿದ್ದಳು.